ಎಡಪ್ಪಾಡಿಯಲ್ಲಿ ನೋಡಿದ ಧಾರಾವಾಹಿ

ನಮ್ಮ ಶಾಖೆಗೆ ಹೊಸದಾಗಿ ಬಂದ ತರುಣ ಸಹೋದ್ಯೋಗಿಯೊಬ್ಬರು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಂದು ರಾಜಕೀಯ ಧಾರಾವಾಹಿಯನ್ನು ಬಹಳವಾಗಿ ಹೊಗಳಿದರು. "ಒಂದು ಕಂತಿನಲ್ಲಿ ಮಂತ್ರಿಮಂಡಲ ಬೀಳುತ್ತದೆ, ಮುಂದಿನ ಕಂತಿನಲ್ಲಿ ಬೀಳಿಸಿದವನೇ ಜೈಲಿಗೆ ಹೋಗುತ್ತಾನೆ. ಉಸಿರು ಬಿಡಲು ಪುರುಸೊತ್ತಿಲ್ಲ" ಎಂದರು. ಅವರ ಒತ್ತಾಯಕ್ಕೆ ನಾನೂ ಮೂರು ರಾತ್ರಿ ಕುಳಿತು ನೋಡಿದೆ. ಚೆನ್ನಾಗಿಯೇ ಇತ್ತು. ಆದರೆ ನೋಡುತ್ತಿದ್ದಷ್ಟು ಹೊತ್ತೂ ನನ್ನ ಮನಸ್ಸು ಎಡಪ್ಪಾಡಿಗೆ ಓಡುತ್ತಿತ್ತು. ಇದಕ್ಕಿಂತ ವೇಗದ ಧಾರಾವಾಹಿಯೊಂದನ್ನು ನಾನು ಅಲ್ಲಿ, ಒಂದು ನೇಕಾರರ ಮನೆಯ ಜಗಲಿಯಲ್ಲಿ ಕುಳಿತು, 2017ರ ಫೆಬ್ರವರಿ ತಿಂಗಳಲ್ಲಿ ನೋಡಿದ್ದೆ. ಅದಕ್ಕೆ ಕತೆಗಾರರಿರಲಿಲ್ಲ, ಪಾತ್ರಧಾರಿಗಳೆಲ್ಲ ತಮ್ಮ ನಿಜವಾದ ಹೆಸರಿನಲ್ಲೇ ಇದ್ದರು.

ನಾನು ಇತಿಹಾಸಕಾರನಲ್ಲ. ಬಿ.ಎ.ಯಲ್ಲಿ ಇತಿಹಾಸವನ್ನು ಒಂದು ವಿಷಯವಾಗಿ ಓದಿ, ಆಮೇಲೆ ಲೆಕ್ಕದ ಪುಸ್ತಕಗಳ ನಡುವೆ ದಿನ ಕಳೆದವನು. ಆದರೂ ಆ ದಿನಗಳನ್ನು ಬರೆದಿಡಬೇಕೆಂದು ಅನಿಸುತ್ತದೆ. ಪರದೆಯ ಮೇಲೆ ನಾವು ಕಂಡದ್ದು ಎಷ್ಟು, ಕಾಣದೆ ಹೋದದ್ದು ಎಷ್ಟು ಎಂಬ ಲೆಕ್ಕವನ್ನು ನಾನು ಇನ್ನೂ ಮುಗಿಸಿಲ್ಲ.

ಊರಿನಲ್ಲಿ ಕೆಲಸ ಸಿಗದೆ ತಮಿಳುನಾಡಿನ ಹುದ್ದೆಗೆ ಅರ್ಜಿ ಹಾಕಿ ಎಡಪ್ಪಾಡಿಗೆ ಹೋದವನು ನಾನು. ಗಡಿನಾಡಿನಲ್ಲಿ ಹುಟ್ಟಿ ಕನ್ನಡ, ಮಲಯಾಳಂ ಎರಡನ್ನೂ ಬಲ್ಲವನಿಗೆ ತಮಿಳು ಒಂದು ವರ್ಷದ ಪಾಠ. ಎಡಪ್ಪಾಡಿ ಇರುವುದು ಸೇಲಂ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಕಾವೇರಿಗೆ ಹತ್ತಿರ. ಸಮೀಪದ ಪೂಲಾಂಪಟ್ಟಿಯಲ್ಲಿ ದೋಣಿ ಹತ್ತಿದರೆ ಆಚೆ ದಡ ಈರೋಡ್ ಜಿಲ್ಲೆ. ಊರ ತುಂಬ ವಿದ್ಯುತ್ ಮಗ್ಗಗಳು. ಮೊದಲ ರಾತ್ರಿ ಆ ಸದ್ದಿಗೆ ನಿದ್ದೆ ಬರಲಿಲ್ಲ. ತಿಂಗಳಾದ ಮೇಲೆ ವಿದ್ಯುತ್ ಹೋಗಿ ಮಗ್ಗ ನಿಂತರೆ ಎಚ್ಚರವಾಗುತ್ತಿತ್ತು.

ನನಗೆ ಕೋಣೆ ಕೊಟ್ಟವರು ದೇವಾಂಗ ಮನೆತನದವರು. ಮನೆಯಲ್ಲಿ ಅಣ್ಣ, ತಮ್ಮ, ಅವರ ಸಂಸಾರಗಳು, ಎಂಬತ್ತು ದಾಟಿದ ತಾಯಿ. ಅವರ ಮನೆಮಾತು ಕನ್ನಡವೆಂದು ತಿಳಿದಾಗ ನನಗಾದ ಆಶ್ಚರ್ಯವನ್ನು ಇಲ್ಲಿನ ಓದುಗರು ಊಹಿಸಬಲ್ಲರು. ಓದಲು ಬರೆಯಲು ಯಾರಿಗೂ ಬಾರದು; ಅರ್ಧದಷ್ಟು ಶಬ್ದ ತಮಿಳಿನವು; ಆದರೂ ಅಡುಗೆಮನೆಯಲ್ಲಿ, ಚೌಡೇಶ್ವರಿಯ ಪೂಜೆಯಲ್ಲಿ, ಜಗಳದಲ್ಲಿ ಕನ್ನಡವೇ. ಸೇಲಂ, ಬಾರಾಮಹಲ್ ಸೀಮೆಗಳು 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿನ ಆಳ್ವಿಕೆಗೆ ಸೇರಿದ್ದವು. ಅದೇ ಒಪ್ಪಂದದಲ್ಲಿ ಮಲಬಾರೂ ಟಿಪ್ಪುವಿನ ಕೈಬಿಟ್ಟು ಕಂಪನಿಗೆ ಹೋಯಿತು. ನಮ್ಮ ಕಾಸರಗೋಡಿನ ಸೀಮೆ ಹೋದದ್ದು ಏಳು ವರ್ಷದ ಬಳಿಕ, 1799ರಲ್ಲಿ. ಒಂದೇ ರಾಜ್ಯದ ತುಂಡುಗಳು ಎಲ್ಲೆಲ್ಲಿ ಬಿದ್ದು ಹೇಗೆ ಬದುಕಿಕೊಂಡವು ಎಂಬುದಕ್ಕೆ ಆ ಅಡುಗೆಮನೆಯ ಕನ್ನಡವೂ ಒಂದು ದಾಖಲೆ.

ಇನ್ನು ಆ ಮನೆಯ ದೂರದರ್ಶನದ ಪೆಟ್ಟಿಗೆ. ಅದು ಹದಿನಾಲ್ಕು ಅಂಗುಲದ ಸರ್ಕಾರಿ ಪೆಟ್ಟಿಗೆ. 2006ರ ಚುನಾವಣೆಯಲ್ಲಿ ಡಿ.ಎಂ.ಕೆ. ಪಕ್ಷ ಉಚಿತ ಬಣ್ಣದ ಟಿ.ವಿ. ಕೊಡುವುದಾಗಿ ಹೇಳಿ ಗೆದ್ದು, ಮುಂದಿನ ಐದು ವರ್ಷಗಳಲ್ಲಿ ಒಂದು ಕೋಟಿಗೂ ಹೆಚ್ಚು ಪೆಟ್ಟಿಗೆಗಳನ್ನು ಹಂಚಿತು. ಅದಕ್ಕೆ ಬರುವ ತಂತಿ 2011ರಲ್ಲಿ ಜಯಲಲಿತಾ ಅವರು ಮತ್ತೆ ಚಾಲನೆ ಕೊಟ್ಟ ಸರ್ಕಾರಿ ಕೇಬಲ್ ನಿಗಮದ್ದು. ಆರಂಭದ ಮಾಸಿಕ ದರ 70 ರೂಪಾಯಿ. ಪೆಟ್ಟಿಗೆ ಒಂದು ಪಕ್ಷದ್ದು, ತಂತಿ ಇನ್ನೊಂದು ಪಕ್ಷದ್ದು. ಎರಡೂ ಸೇರಿದ ಮೇಲೆಯೇ ಆ ಮನೆಗೆ ರಾಜಕೀಯ ಕಾಣಿಸುತ್ತಿದ್ದುದು.

ಜಯಲಲಿತಾ ಅವರು ಚೆನ್ನೈಯ ಆಸ್ಪತ್ರೆಗೆ ಸೇರಿದ್ದು 2016ರ ಸೆಪ್ಟೆಂಬರ್ 22ರಂದು. ಮೇಲುಕೋಟೆಯಲ್ಲಿ ಹುಟ್ಟಿದ ಆ ಹೆಣ್ಣುಮಗಳು ತಮಿಳರ ಅಮ್ಮನಾದ ಕತೆ ಎಲ್ಲರಿಗೂ ಗೊತ್ತಿರುವುದೇ. ಎಪ್ಪತ್ತೈದು ದಿನಗಳ ಕಾಲ ಪರದೆಯ ಮೇಲೆ ಕಂಡದ್ದು ಆಸ್ಪತ್ರೆಯ ಗೇಟು ಮಾತ್ರ. ಡಿಸೆಂಬರ್ 5ರ ರಾತ್ರಿ ಅವರು ತೀರಿಕೊಂಡರು. ಬೆಳಗಾಗುವ ಮೊದಲೇ ಓ. ಪನ್ನೀರ್ ಸೆಲ್ವಂ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡಿದ್ದರು. ವರ್ಷದ ಕೊನೆಯೊಳಗೆ ವಿ. ಕೆ. ಶಶಿಕಲಾ ಪಕ್ಷದ ಪ್ರಧಾನ ಕಾರ್ಯದರ್ಶಿಯಾದರು.

ತಮಿಳುನಾಡಿಗೆ ಇಂಥ ನಾಟಕ ಹೊಸತಲ್ಲ. 1987ರ ಡಿಸೆಂಬರ್ 24ರಂದು ಎಂ. ಜಿ. ರಾಮಚಂದ್ರನ್ ತೀರಿಕೊಂಡಾಗಲೂ ಪಕ್ಷ ಎರಡಾಯಿತು. ಪತ್ನಿ ಜಾನಕಿ 1988ರ ಜನವರಿ 7ರಂದು ಮುಖ್ಯಮಂತ್ರಿಯಾದರು. 28ರಂದು ವಿಶ್ವಾಸಮತದ ದಿನ ಸದನದೊಳಗೆ ಹೊಡೆದಾಟವಾಯಿತು. 30ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಅಂದು ಜನರು ಅದನ್ನು ಆಕಾಶವಾಣಿಯಲ್ಲಿ ಕೇಳಿದರು, ಮರುದಿನ ಪತ್ರಿಕೆಯಲ್ಲಿ ಓದಿದರು. ಆ ಒಡಕಿನ ಮರುವರ್ಷವೇ, 1989ರಲ್ಲಿ, ಜಯಲಲಿತಾ ಬಣದಿಂದ ಎಡಪ್ಪಾಡಿಯಲ್ಲಿ ಗೆದ್ದ ಹೊಸ ಶಾಸಕ ಸಮೀಪದ ಸಿಲುವಂಪಾಳಯದ ಕೆ. ಪಳನಿಸ್ವಾಮಿ. ಬೆಲ್ಲದ ವ್ಯಾಪಾರ ಮಾಡಿಕೊಂಡಿದ್ದವರು. 1991ರಲ್ಲಿ ಮತ್ತೆ ಗೆದ್ದರು, 1996ರಲ್ಲಿ ಸೋತರು. 1998ರಲ್ಲಿ ತಿರುಚೆಂಗೋಡಿನಿಂದ ಲೋಕಸಭೆಗೆ ಹೋದರು. ಬಳಿಕ 1999, 2004, 2006ರಲ್ಲಿ ಸಾಲಾಗಿ ಸೋತರು. 2011ರಲ್ಲಿ ಗೆದ್ದು ಮಂತ್ರಿಯಾದರು. 2016ರ ಗೆಲುವಿನ ಅಂತರ 42,022 ಮತ. ಈ ಏಳುಬೀಳುಗಳಿಗೆ ಇಪ್ಪತ್ತೇಳು ವರ್ಷ ಹಿಡಿಯಿತು. ಇಷ್ಟು ನಿಧಾನದ ಕತೆಯನ್ನು ಯಾವ ಧಾರಾವಾಹಿಯವರೂ ತೆಗೆಯಲಾರರು.

ವೇಗದ ಕತೆ ಆರಂಭವಾದದ್ದು 2017ರ ಫೆಬ್ರವರಿ 5ರಂದು. ಶಾಸಕರು ಶಶಿಕಲಾ ಅವರನ್ನು ನಾಯಕಿಯಾಗಿ ಆರಿಸಿದರು, ಪನ್ನೀರ್ ಸೆಲ್ವಂ ರಾಜೀನಾಮೆ ಕೊಟ್ಟರು. 7ರ ರಾತ್ರಿ ನಾವು ಊಟಕ್ಕೆ ಕುಳಿತಿದ್ದೆವು. ಮರೀನಾ ತೀರದಲ್ಲಿ ಜಯಲಲಿತಾ ಸಮಾಧಿಯ ಮುಂದೆ ಪನ್ನೀರ್ ಸೆಲ್ವಂ ಕಣ್ಣು ಮುಚ್ಚಿ ಕುಳಿತಿರುವುದು ಪರದೆಯ ಮೇಲೆ ಬಂತು. ಸುಮಾರು ನಲವತ್ತು ನಿಮಿಷ ಅವರು ಅಲುಗಲಿಲ್ಲ. ನಾವೂ ತಟ್ಟೆಯ ಮುಂದೆ ಅಲುಗಲಿಲ್ಲ. ಎದ್ದವರೇ ತಮ್ಮಿಂದ ಬಲವಂತವಾಗಿ ರಾಜೀನಾಮೆ ಪಡೆಯಲಾಯಿತೆಂದರು. ತಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದ. ಅಣ್ಣ ಸುಮ್ಮನೆ ಕೈ ತೊಳೆಯಲು ಹೋದರು. ಆ ಮನೆಯ ಒಡಕು ನನಗೆ ಮೊದಲು ಕಂಡದ್ದು ಆಗ.

ಮರುದಿನ ಶಾಸಕರನ್ನು ಬಸ್ಸುಗಳಲ್ಲಿ ಕೂರಿಸಿ ಚೆನ್ನೈಯ ದಕ್ಷಿಣಕ್ಕೆ ಕಡಲ ತೀರದ ಕೂವತ್ತೂರಿನ ವಿಹಾರಧಾಮಕ್ಕೆ ಕರೆದೊಯ್ದರು. ಶಾಸಕರನ್ನು ಹೀಗೆ ಬಚ್ಚಿಡುವ ವಿದ್ಯೆಯಲ್ಲಿ ಕನ್ನಡನಾಡೂ ಹಳೆಯ ಪಾಲುದಾರ. 1984ರ ಆಗಸ್ಟಿನಲ್ಲಿ ಎನ್. ಟಿ. ರಾಮರಾವ್ ಅವರ ಸರ್ಕಾರವನ್ನು ವಜಾ ಮಾಡಿದಾಗ ಅವರ ಶಾಸಕರಿಗೆ ಆಶ್ರಯ ಕೊಟ್ಟದ್ದು ರಾಮಕೃಷ್ಣ ಹೆಗಡೆಯವರ ಕರ್ನಾಟಕ. ನಂದಿಬೆಟ್ಟದ ಹೆಸರು ಅಂದು ದೇಶಕ್ಕೆಲ್ಲ ಪರಿಚಯವಾಯಿತು. ಕೂವತ್ತೂರಿನ ಕೆಲವೇ ತಿಂಗಳ ಬಳಿಕ ಗುಜರಾತಿನ ಕಾಂಗ್ರೆಸ್ ಶಾಸಕರು ಬಿಡದಿಗೆ ಬಂದರು. ಮಲಯಾಳಿ ಮಿತ್ರರು ಇದನ್ನೋದಿ ನಗುವುದು ಬೇಡ. 1981ರ ಕೊನೆಯಲ್ಲಿ ಬಂದ ಕರುಣಾಕರನ್ ಸರ್ಕಾರ 1982ರ ಮಾರ್ಚಿನವರೆಗೆ ಬದುಕಿದ್ದು ಸ್ಪೀಕರ್ ಎ. ಸಿ. ಜೋಸ್ ಅವರ ನಿರ್ಣಾಯಕ ಮತದಿಂದಲೇ ಎಂಬುದನ್ನು ಇಲ್ಲಿನ ಹಿರಿಯರು ಮರೆತಿರಲಾರರು.

ಕೂವತ್ತೂರಿನಲ್ಲೂ ನಮಗೆ ಕಂಡದ್ದು ಗೇಟು. ಗೇಟಿನ ಹೊರಗೆ ವರದಿಗಾರರು, ಪೊಲೀಸರು, ಒಳಗೆ ಹೋಗುವ ಕಾರುಗಳು. ಒಳಗೆ ಯಾರು ಯಾರಿಗೆ ಏನು ಹೇಳಿದರು ಎಂಬುದು ಗೊತ್ತಿಲ್ಲದಿದ್ದರೂ ಕಣ್ಣು ಕಿತ್ತು ಬೇರೆಡೆ ಇಡಲಾಗುತ್ತಿರಲಿಲ್ಲ. ಮಗ್ಗ ನಿಲ್ಲಿಸಿ ಬಂದು ನೋಡುವವರು, ನೂಲು ಸುತ್ತುತ್ತಲೇ ನೋಡುವವರು, ನೆರೆಮನೆಯ ಮಕ್ಕಳು, ಎಲ್ಲರೂ ಜಗಲಿಯಲ್ಲಿ ಕಿಕ್ಕಿರಿದರು. ನಮ್ಮ ಊರಿನಲ್ಲಿ ಸಂಜೆಯ ಧಾರಾವಾಹಿಗೆ ನನ್ನ ತಾಯಿ ಕಾಯುವಂತೆ ಅಲ್ಲಿಯವರು ಸುದ್ದಿಗೆ ಕಾದರು. ಧಾರಾವಾಹಿಯಲ್ಲಿ ಒಂದು ನೋಟಕ್ಕೆ ಒಂದು ವಾರ. ಇಲ್ಲಿ ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಒಬ್ಬ ಮಂತ್ರಿ ಪಕ್ಷ ಬದಲಿಸಿರುತ್ತಿದ್ದ.

ಅದೇ ಫೆಬ್ರವರಿ 8ರಂದು ಬಸ್ಸುಗಳ ಚಿತ್ರದ ಕೆಳಗೆ ಓಡುವ ಅಕ್ಷರಪಟ್ಟಿಯಲ್ಲಿ ಇನ್ನೊಂದು ಸುದ್ದಿ ಹೋಯಿತು. ಉಳಿತಾಯ ಖಾತೆಯಿಂದ ವಾರಕ್ಕೆ ತೆಗೆಯಬಹುದಾದ ಮೊತ್ತವನ್ನು 24,000 ರೂಪಾಯಿಯಿಂದ 50,000ಕ್ಕೆ ಏರಿಸುವುದು, ಅದೂ ಫೆಬ್ರವರಿ 20ರಿಂದ. ಮಾರ್ಚ್ 13ರಿಂದ ಮಿತಿಯನ್ನೇ ತೆಗೆಯುವುದು, ಎಂದು ರಿಸರ್ವ್ ಬ್ಯಾಂಕಿನ ಪ್ರಕಟಣೆ. ಜಗಲಿಯಲ್ಲಿದ್ದವರಲ್ಲಿ ಅದನ್ನು ಓದಿದವನು ನಾನೊಬ್ಬನೇ ಇರಬೇಕು. 2016ರ ನವೆಂಬರ್ 8ರ ನೋಟು ರದ್ದತಿಯ ಬಳಿಕ ಮೂರು ತಿಂಗಳು ನಾನು ಕೌಂಟರಿನಲ್ಲಿ ಕುಳಿತು ಆ ಊರನ್ನು ನೋಡಿದ್ದೆ. ನೇಯ್ಗೆಯ ಊರಿನಲ್ಲಿ ಕೂಲಿ ವಾರಕ್ಕೊಮ್ಮೆ, ನಗದಿನಲ್ಲಿ. ಖಾತೆಯಲ್ಲಿ ಹಣವಿದ್ದವರಿಗೂ ಕೊಡಲು ನೋಟಿಲ್ಲ. ನನ್ನ ಮನೆಯ ಯಜಮಾನರೇ ಸಾಲಿನಲ್ಲಿ ನಿಂತು ನನ್ನ ಮುಂದೆ ಬಂದಾಗ, ಮಿತಿಗಿಂತ ಒಂದು ರೂಪಾಯಿ ಹೆಚ್ಚು ಕೊಡಲಾರದೆ ತಲೆ ತಗ್ಗಿಸಿ ಪುಸ್ತಕ ನೋಡುತ್ತಿದ್ದೆ. ಅವರ ಎಂಟು ಮಗ್ಗಗಳಲ್ಲಿ ಮೂರು ನಿಂತಿದ್ದವು. ನೂಲಿನ ಬಾಕಿ, ಕೂಲಿಯ ಬಾಕಿ ಯಾರ ಲೆಕ್ಕಕ್ಕೆ ಎಂದು ಅಣ್ಣತಮ್ಮಂದಿರೊಳಗೆ ಡಿಸೆಂಬರಿನಿಂದಲೇ ಮುನಿಸಿತ್ತು. ಅದು ಸಾಲದೆಂಬಂತೆ ಮಳೆಯೂ ಕೈಕೊಟ್ಟಿತ್ತು. ಜನವರಿ 10ರಂದು ಸರ್ಕಾರ ರಾಜ್ಯದ ಎಲ್ಲ 32 ಜಿಲ್ಲೆಗಳನ್ನೂ ಬರಪೀಡಿತವೆಂದು ಘೋಷಿಸಿತ್ತು. ಮೇಟ್ಟೂರು ಜಲಾಶಯದ ನೀರು ಇಳಿದು, 1934ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಗುಡಿಯ ನಂದಿಯೂ ಇಗರ್ಜಿಯ ಗೋಪುರವೂ ಪಣ್ಣವಾಡಿಯ ಬಳಿ ಮೇಲೆದ್ದಿದ್ದವು. ಒಂದು ಭಾನುವಾರ ಅಣ್ಣ ನನ್ನನ್ನು ಬೈಕಿನಲ್ಲಿ ಅಲ್ಲಿಗೆ ಕರೆದೊಯ್ದಿದ್ದರು. ಬಿರಿದ ಕೆಸರಿನ ಮೇಲೆ ನಡೆದು ನಂದಿಯ ಬೆನ್ನು ಮುಟ್ಟಿ, "ಇದು ಕಂಡ ವರ್ಷ ನಮಗೆ ಒಳ್ಳೆಯದಲ್ಲ" ಎಂದಿದ್ದರು.

ಫೆಬ್ರವರಿ 14ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂತು. ಪರದೆಯ ಮೇಲೆ ಅದು ಸಿಡಿಲಿನಂತೆ ಎರಗಿತು. ಆದರೆ ಆ ಮೊಕದ್ದಮೆಯ ವಯಸ್ಸು ಇಪ್ಪತ್ತು ವರ್ಷ. 1991ರಿಂದ 1996ರ ನಡುವಿನ 66 ಕೋಟಿ ರೂಪಾಯಿಗೂ ಹೆಚ್ಚಿನ ಅಕ್ರಮ ಆಸ್ತಿಯ ಆರೋಪ ಅದು. 2003ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅದನ್ನು ಕರ್ನಾಟಕಕ್ಕೆ ವರ್ಗಾಯಿಸಿತು. 2014ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿ'ಕುನ್ಹಾ ಶಿಕ್ಷೆ ವಿಧಿಸಿದರು. 2015ರ ಮೇ 11ರಂದು ಕರ್ನಾಟಕ ಉಚ್ಚ ನ್ಯಾಯಾಲಯ ಎಲ್ಲರನ್ನೂ ಬಿಡುಗಡೆ ಮಾಡಿತು. ನನ್ನಂಥ ಗುಮಾಸ್ತನಿಗೆ ಮರೆಯಲಾಗದ್ದು ಆ ಎರಡನೆಯ ತೀರ್ಪಿನ ಒಂದು ಕೂಡಿಕೆ. ಆರೋಪಿಗಳ ಸಾಲಗಳ ಪಟ್ಟಿಯ ಕೆಳಗೆ ಒಟ್ಟು 24 ಕೋಟಿ 17 ಲಕ್ಷವೆಂದು ಬರೆದಿತ್ತು. ಅದೇ ಪಟ್ಟಿಯನ್ನು ಕೂಡಿ ನೋಡಿದರೆ ಬರುವುದು 10 ಕೋಟಿ 67 ಲಕ್ಷ. ಹದಿಮೂರೂವರೆ ಕೋಟಿಯ ವ್ಯತ್ಯಾಸ! ಆದಾಯಕ್ಕಿಂತ ಆಸ್ತಿ ಕೇವಲ ಶೇಕಡಾ 8.12 ಹೆಚ್ಚು, ಶೇಕಡಾ ಹತ್ತರೊಳಗೆ ಇದ್ದರೆ ದೋಷವಿಲ್ಲ, ಎಂಬ ವಾದ ನಿಂತದ್ದು ಆ ಒಟ್ಟಿನ ಮೇಲೆ. ಸರ್ಕಾರಿ ವಕೀಲರು ಅದನ್ನು ಎತ್ತಿ ತೋರಿಸಿದರು. ಸಂಜೆ ಲೆಕ್ಕ ಹೊಂದದಿದ್ದರೆ ನಾವು ಹತ್ತು ರೂಪಾಯಿಗಾಗಿ ರಾತ್ರಿ ಎಂಟರವರೆಗೆ ಕುಳಿತುಕೊಳ್ಳುತ್ತೇವೆ. ಆದ್ದರಿಂದ ಜಗಲಿಯವರಿಗೆ ಆ ತೀರ್ಪು ತಿರುವಾಗಿ ಕಂಡರೆ, ನನಗೆ ಕೊನೆಗೂ ಹೊಂದಿದ ಲೆಕ್ಕವಾಗಿ ಕಂಡಿತು.

ಶಶಿಕಲಾ ಅವರ ದಾರಿ ಮುಚ್ಚಿತು. ಅದೇ ದಿನ ಕೂವತ್ತೂರಿನಲ್ಲಿ ಶಾಸಕರು ಪಳನಿಸ್ವಾಮಿಯವರನ್ನು ನಾಯಕನಾಗಿ ಆರಿಸಿದರು. ಜಗಲಿಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಬೀದಿಯೆಲ್ಲ ಕೂಗು. ತೈಪೂಸದ ಬಳಿಕ ಎಡಪ್ಪಾಡಿಯಿಂದ ಕಾವಡಿ ಹೊತ್ತು ಪಳನಿಗೆ ನಡೆದುಹೋಗುವ ದೊಡ್ಡ ಸಂಪ್ರದಾಯವಿದೆ. ಬೆಟ್ಟದ ಮೇಲೆ ಒಂದು ರಾತ್ರಿ ತಂಗುವ ಹಕ್ಕು ಆ ಊರಿನ ಪರ್ವತರಾಜಕುಲದ ಭಕ್ತರಿಗಿದೆ. ಹೊರಡುವಾಗ ಅವರ ಶಾಸಕ ಒಬ್ಬ ಮಂತ್ರಿ. ಮರಳಿ ಬಂದು ಕಾಲು ತೊಳೆಯುವಷ್ಟರಲ್ಲಿ ಮುಖ್ಯಮಂತ್ರಿ.

15ರಂದು ಶಶಿಕಲಾ ಸಮಾಧಿಯ ಮೇಲೆ ಮೂರು ಬಾರಿ ಕೈ ಬಡಿದು ಬೆಂಗಳೂರಿಗೆ ಹೊರಟರು. ಸಂಜೆ ಪರಪ್ಪನ ಅಗ್ರಹಾರದ ಗೇಟು ಪರದೆಗೆ ಬಂತು. ನೂಕುನುಗ್ಗಲಿನಲ್ಲಿ ತಮಿಳು ವರದಿಗಾರನ ದನಿಯ ಹಿಂದಿನಿಂದ ಪೊಲೀಸನೊಬ್ಬ "ಹಿಂದೆ ಸರೀರಿ, ದಾರಿ ಬಿಡಿ" ಎಂದು ಕೂಗಿದ್ದು ಕೇಳಿಸಿತು. ಗೋಡೆಗೊರಗಿ ತೂಕಡಿಸುತ್ತಿದ್ದ ಅಜ್ಜಿ ನೆಟ್ಟಗೆ ಕುಳಿತು, "ಅದು ನಮ್ಮ ಮಾತಲ್ಲವಾ?" ಎಂದರು. ಹೌದೆಂದೆ. "ಅಲ್ಲಿ ಪೊಲೀಸರೂ ನಮ್ಮ ಮಾತು ಆಡುತ್ತಾರಾ?" ಎಂದು ಮತ್ತೆ ಕೇಳಿದರು. ಅಡುಗೆಮನೆಯ ಭಾಷೆಗೆ ಸರ್ಕಾರವೂ ಪೊಲೀಸೂ ಇರಬಹುದೆಂಬುದು ಅವರಿಗೆ ಹೊಸ ವಿಷಯ. ಆ ಇಡೀ ನಾಟಕದಲ್ಲಿ ಅವರು ಕೇಳಿದ ಪ್ರಶ್ನೆಗಳು ಅವೆರಡೇ.

16ರಂದು ಪ್ರಮಾಣವಚನ. 18ರಂದು ವಿಶ್ವಾಸಮತ. ಬಹುಮತ ರಾಜಭವನದಲ್ಲಲ್ಲ, ಸದನದಲ್ಲೇ ಸಾಬೀತಾಗಬೇಕೆಂದು 1994ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ನಮ್ಮ ಎಸ್. ಆರ್. ಬೊಮ್ಮಾಯಿಯವರ ಪ್ರಕರಣದಲ್ಲಿ. ಆದರೆ ಎಲ್ಲಕ್ಕಿಂತ ಮುಖ್ಯವಾದ ಆ ದೃಶ್ಯವೇ ನಮಗೆ ಕಾಣಲಿಲ್ಲ. ಸದನದ ಕಲಾಪ ನೇರಪ್ರಸಾರವಾಗಲಿಲ್ಲ. ಮತ್ತೆ ಗೇಟು, ಈ ಬಾರಿ ಸಂತ ಜಾರ್ಜ್ ಕೋಟೆಯದು. ಗುಪ್ತ ಮತದಾನ ಬೇಕೆಂದು ಗದ್ದಲ, ಡಿ.ಎಂ.ಕೆ. ಸದಸ್ಯರನ್ನು ಹೊರಹಾಕಿದ್ದು, ಅಂಗಿ ಹರಿದು ಗುಂಡಿ ಕಿತ್ತ ಸ್ಥಿತಿಯಲ್ಲಿ ಹೊರಬಂದ ಎಂ. ಕೆ. ಸ್ಟಾಲಿನ್. ಕೊನೆಗೆ ಸ್ಪೀಕರ್ ಪಿ. ಧನಪಾಲ್ ಅಂಕಿ ಹೇಳಿದರು: ಪರ 122, ವಿರುದ್ಧ 11.

ಆ ಸಂಜೆ ಅಣ್ಣತಮ್ಮಂದಿರ ಜಗಳವಾಯಿತು. "ನಮ್ಮೂರಿನವನು ಕೋಟೆಯಲ್ಲಿ ಕುಳಿತ. ನಿನಗೇಕೆ ಹೊಟ್ಟೆಯುರಿ?" ಎಂದರು ಅಣ್ಣ. "ಅಮ್ಮ ಎರಡು ಸಲ ಕುರ್ಚಿ ಒಪ್ಪಿಸಿ ಹೋದದ್ದು ಯಾರಿಗೆ?" ಎಂದ ತಮ್ಮ. ಅವನ ಮಾತು ಸುಳ್ಳಲ್ಲ. 2001ರಲ್ಲೂ 2014ರಲ್ಲೂ ಅಧಿಕಾರ ಬಿಡಬೇಕಾದಾಗ ಜಯಲಲಿತಾ ಆರಿಸಿದ್ದು ಪನ್ನೀರ್ ಸೆಲ್ವಂ ಅವರನ್ನೇ. ಮಾತು ಅಲ್ಲಿಂದ ನೂಲಿನ ಬಾಕಿಗೆ ಇಳಿಯಿತು, ಬಾಕಿಯಿಂದ ತಂದೆಯ ಕಾಲದ ಸಾಲಕ್ಕೆ. ಎರಡು ವಾರದೊಳಗೆ ಮಗ್ಗಗಳನ್ನು ಪಾಲು ಮಾಡಿಕೊಂಡರು. ಅಂಗಳದ ನಡುವೆ ಸಿಮೆಂಟ್ ಇಟ್ಟಿಗೆಯ ಗೋಡೆ ಎದ್ದಿತು. ಟಿ.ವಿ. ಅಣ್ಣನ ಪಾಲಿಗೆ, ಅಜ್ಜಿ ತಿಂಗಳಿಗೊಂದು ಕಡೆ.

ಧಾರಾವಾಹಿ ಮುಂದುವರಿಯಿತು. 2017ರ ಆಗಸ್ಟ್ 21ರಂದು ಎರಡೂ ಬಣಗಳು ಒಂದಾದವು; ಪನ್ನೀರ್ ಸೆಲ್ವಂ ಉಪಮುಖ್ಯಮಂತ್ರಿಯಾದರು; ರಾಜ್ಯಪಾಲ ವಿದ್ಯಾಸಾಗರ ರಾವ್ ಇಬ್ಬರ ಕೈಗಳನ್ನೂ ಹಿಡಿದು ಜೋಡಿಸಿದ್ದನ್ನು ಎಲ್ಲರೂ ನೋಡಿದರು. ಟಿ. ಟಿ. ವಿ. ದಿನಕರನ್ ಕಡೆಯ ಶಾಸಕರು ಕೊಡಗಿನ ವಿಹಾರಧಾಮದಲ್ಲಿ ತಂಗಿದರು. ಸೆಪ್ಟೆಂಬರ್ 18ರಂದು ಅವರಲ್ಲಿ 18 ಮಂದಿ ಅನರ್ಹರಾದರು. ಕೆಲವೇ ತಿಂಗಳಲ್ಲಿ ಬೀಳುವುದೆಂದು ಎಲ್ಲರೂ ಹೇಳಿದ ಸರ್ಕಾರ 2021ರ ಮೇ ತಿಂಗಳವರೆಗೆ ನಡೆಯಿತು. ಆ ಚುನಾವಣೆಯಲ್ಲಿ ಪಕ್ಷ ಸೋತರೂ ಎಡಪ್ಪಾಡಿಯಲ್ಲಿ ಪಳನಿಸ್ವಾಮಿ 93,802 ಮತಗಳ ಅಂತರದಿಂದ ಗೆದ್ದರು. 2022ರ ಜುಲೈ 11ರಂದು ಪಕ್ಷ ಪನ್ನೀರ್ ಸೆಲ್ವಂ ಅವರನ್ನು ಉಚ್ಚಾಟಿಸಿತು.

ಆಗಸ್ಟಿನ ಆ ಕೈಜೋಡಣೆಯ ಸಂಜೆ ನಾನು ಅಣ್ಣನ ಬಳಿ, "ದೊಡ್ಡವರೇ ಒಂದಾದರು, ನೀವು?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಬಿಟ್ಟು, "ಅವರಿಗೆ ನೂಲಿನ ಬಾಕಿ ಇರಲಿಲ್ಲವಲ್ಲ ಸಾರ್" ಎಂದರು.

ಇತಿಹಾಸ ಓದುವಾಗ ಕಾರಣ, ತತ್‌ಕ್ಷಣದ ಕಾರಣ ಎಂದು ಎರಡನ್ನು ಬೇರೆಯಾಗಿ ಬರೆಯಲು ನಮಗೆ ಕಲಿಸಿದ್ದರು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಆ ಭೇದ ನನಗೆ ಅರ್ಥವಾದದ್ದು ಆ ಅಂಗಳದಲ್ಲಿ. ರಾಜಕೀಯವನ್ನು ಧಾರಾವಾಹಿಯಂತೆ ನೋಡುವುದು ತಪ್ಪೆಂದು ನಾನು ಹೇಳಲಾರೆ. ನಾನೂ ಬಾಯಿ ಬಿಟ್ಟುಕೊಂಡು ನೋಡಿದವನೇ. ಆದರೆ ಪರದೆಗೆ ತತ್‌ಕ್ಷಣದ ಕಾರಣ ಮಾತ್ರ ಒಗ್ಗುತ್ತದೆ. ಇಪ್ಪತ್ತು ವರ್ಷದ ಮೊಕದ್ದಮೆ, ಇಪ್ಪತ್ತೇಳು ವರ್ಷದ ಸೋಲುಗೆಲುವು, ವಾರಕ್ಕೆ 24,000ದ ಮಿತಿ, ಬತ್ತಿದ ಜಲಾಶಯ ಇವೆಲ್ಲ ಗೇಟಿನ ಒಳಗೇ ಉಳಿಯುತ್ತವೆ. ಆ ಹದಿನಾಲ್ಕು ದಿನ ನಾವು ನಮ್ಮದೇ ಮತ ಎಲ್ಲೆಲ್ಲಿ ಸುತ್ತಿತೆಂದು ನೋಡಿದೆವು. ನಮ್ಮ ಅಂಗಳದಲ್ಲಿ ಏನಾಗುತ್ತಿದೆ ಎಂಬುದನ್ನು ನೋಡಲಿಲ್ಲ. ನಾನಂತೂ ನೋಡಿಯೂ ಸುಮ್ಮನಿದ್ದೆ. ಅಕ್ಷರಪಟ್ಟಿಯಲ್ಲಿ ಹೋದ ಆ ಸುದ್ದಿಯನ್ನು ಗಟ್ಟಿಯಾಗಿ ಓದಿ, "ಇನ್ನು ಹನ್ನೆರಡು ದಿನ ತಾಳಿ, ಹಣ ಸಿಗುತ್ತದೆ" ಎಂದು ಅಣ್ಣತಮ್ಮಂದಿರಿಗೆ ಹೇಳಬಹುದಿತ್ತು. ಅದರಿಂದ ಗೋಡೆ ತಪ್ಪುತ್ತಿತ್ತೋ ಇಲ್ಲವೋ. ಹೇಳಲಿಲ್ಲ, ಆಗ ಬಸ್ಸುಗಳು ಹೊರಡುತ್ತಿದ್ದವು.

2018ರಲ್ಲಿ ನನಗೆ ಊರಿಗೆ ವರ್ಗವಾಯಿತು. 2023ರಲ್ಲಿ ಅಣ್ಣನ ಮಗಳ ಮದುವೆಗೆ ಎಡಪ್ಪಾಡಿಗೆ ಹೋಗಿದ್ದೆ. ಅಜ್ಜಿ ಇರಲಿಲ್ಲ. ತಮ್ಮ ಮದುವೆಗೆ ಬಂದು ಊಟ ಮಾಡದೆ ಹೋದ. ಗೋಡೆ ಹಾಗೆಯೇ ಇತ್ತು. ಆರು ವರ್ಷವಾದರೂ ಎರಡೂ ಬದಿಗೆ ಗಾರೆ ಮಾಡಿಸಿರಲಿಲ್ಲ. ಅದು ಇನ್ನೊಬ್ಬನ ಗೋಡೆ, ಖರ್ಚು ಅವನದೇ ಎಂದು ಇಬ್ಬರೂ ನನ್ನ ಬಳಿ ಬೇರೆಬೇರೆಯಾಗಿ ಹೇಳಿದರು. ಕನ್ನಡದಲ್ಲೇ ಹೇಳಿದರು.